ಅರೆತಲೆನೋವು ಎಷ್ಟು ಮಂದಿಗಿದೆ?

ಕಾಫಿ ಕೊಯ್ಲಿನ ಹಂಗಾಮಿನಲ್ಲಿ ತೋಟದ ಹಾಜರಿ ಪುಸ್ತಕವನ್ನು ನಾವೇ ನೋಡುವುದು ನಮ್ಮ ಪದ್ಧತಿ. ಆಳುಗಳ ಅಭಾವವಿರುವ ಈ ದಿನಗಳಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂಬುದು ಹಣ್ಣಿನ ತೂಕದಷ್ಟೇ ಮುಖ್ಯವಾದ ಲೆಕ್ಕ. ಮೂರು ವರ್ಷಗಳ ಹಿಂದಿನ ಹಂಗಾಮಿನಲ್ಲಿ ಒಬ್ಬ ಹೆಣ್ಣಾಳಿನ ಹೆಸರಿನ ಮುಂದೆ ಪ್ರತಿ ತಿಂಗಳೂ ಎರಡು ಮೂರು ದಿನ ‘ಗೈರು’ ಎಂದು ಬಿದ್ದಿತ್ತು. ಮಿಕ್ಕ ದಿನಗಳಲ್ಲಿ ಆಕೆಯಷ್ಟು ಹಣ್ಣು ಬಿಡಿಸುವವರು ಆ ಗುಂಪಿನಲ್ಲಿ ಇಬ್ಬರೋ ಮೂವರೋ. ಮೇಸ್ತ್ರಿಯನ್ನು ಕೇಳಿದೆವು. “ತಲೆನೋವಂತೆ ಅಯ್ಯಾ. ತಲೆನೋವು ಯಾರಿಗಿಲ್ಲ? ಬರೀ ನೆಪ” ಎಂದ. ನಮಗೂ ಹಾಗೆಯೇ ಅನ್ನಿಸಿತು. ಹಂಗಾಮು ಮುಗಿದಾಗ ಪೂರ್ತಿ ಹಾಜರಿಯವರಿಗೆ ಕೊಡುವ ಇನಾಮನ್ನು ಆಕೆಗೆ ಕೊಡಲಿಲ್ಲ.

ಮರುವರ್ಷ ರೊಬಸ್ಟಾ ಕೊಯ್ಲಿನ ಒಂದು ಮಧ್ಯಾಹ್ನ ತೋಟ ಸುತ್ತುತ್ತಿದ್ದಾಗ ಆಕೆ ಸಿಲ್ವರ್ ಮರದ ಬುಡದಲ್ಲಿ ಮಲಗಿದ್ದುದು ಕಂಡಿತು. ಸೆರಗನ್ನು ಕಣ್ಣಿನ ಮೇಲೆ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಪಕ್ಕದಲ್ಲೇ ವಾಂತಿ ಮಾಡಿಕೊಂಡಿದ್ದಳು. “ಏನಮ್ಮಾ, ಏನಾಯಿತು?” ಎಂದೆವು. “ಬೆಳಕು ನೋಡಕ್ಕೆ ಆಗಲ್ಲ ಅಯ್ಯಾ. ಎಡಗಡೆ ಕುಟ್ಟಿದಂಗೆ ಆಗ್ತದೆ. ನಾಳಿಕ್ಕೆ ಸರಿ ಹೋಗ್ತದೆ, ಹಾಜರಿ ತೆಗೀಬೇಡಿ” ಎಂದಳು.

ಆಕೆ ಮಲಗಿದ್ದ ರೀತಿಯನ್ನು ನೋಡಿದಾಗ ನಮಗೆ ನಮ್ಮ ತಾಯಿಯವರ ನೆನಪಾಯಿತು. ನಾವು ಚಿಕ್ಕವರಿದ್ದಾಗ ತಿಂಗಳಿಗೊಮ್ಮೆಯೋ ಎರಡು ಬಾರಿಯೋ ಅವರು ನಡುಮನೆಯ ಪಕ್ಕದ ಕೋಣೆಯ ಬಾಗಿಲು ಹಾಕಿಕೊಂಡು, ಹಣೆಗೆ ಶುಂಠಿ ತೇಯ್ದು ಹಚ್ಚಿಕೊಂಡು, ತಲೆಗೆ ಬಟ್ಟೆ ಬಿಗಿದು ಮಲಗುತ್ತಿದ್ದರು. “ಅಮ್ಮನಿಗೆ ಪಿತ್ತ ಕೆದರಿದೆ, ಗಲಾಟೆ ಮಾಡಬೇಡಿ” ಎಂದು ಹಿರಿಯರು ನಮ್ಮನ್ನು ಅಂಗಳಕ್ಕೆ ಅಟ್ಟುತ್ತಿದ್ದರು. ತಾಯಿಯವರು ತೀರಿಕೊಳ್ಳುವವರೆಗೂ ಆ ‘ಪಿತ್ತ’ಕ್ಕೆ ಯಾವ ವೈದ್ಯರೂ ಬೇರೆ ಹೆಸರು ಹೇಳಿರಲಿಲ್ಲ. ಯಾವ ವೈದ್ಯರ ಬಳಿಗೂ ಅದಕ್ಕಾಗಿ ಯಾರೂ ಅವರನ್ನು ಕರೆದೊಯ್ದಿರಲಿಲ್ಲ ಎಂಬುದೇ ನಿಜ.

ಆ ಹೆಣ್ಣಾಳನ್ನು ಪೇಟೆಯ ವೈದ್ಯರಲ್ಲಿಗೆ ಕಳುಹಿಸಿದೆವು. ಅದು ಮೈಗ್ರೇನ್, ಅಂದರೆ ಅರೆತಲೆನೋವು ಎಂದು ಅವರು ಬರೆದುಕೊಟ್ಟರು. ಒಂದೇ ತೋಟದಲ್ಲಿ, ಒಂದೇ ಮನೆಯ ಎರಡು ಬದಿಗಳಲ್ಲಿ ನಾವು ಕಂಡೂ ಕಾಣದೆ ಹೋದ ಈ ಬೇನೆ ಎಷ್ಟು ಜನರಿಗಿದೆ, ನಮ್ಮ ನಾಡಿನಲ್ಲಿ ಹೆಚ್ಚೋ ಬೇರೆ ದೇಶಗಳಲ್ಲಿ ಹೆಚ್ಚೋ ಎಂಬ ಕುತೂಹಲ ಹುಟ್ಟಿದ್ದು ಆಗ. ಆ ಬಳಿಕ ಓದಿ ತಿಳಿದುಕೊಂಡದ್ದನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ.

ಯಾವುದು ಅರೆತಲೆನೋವು?

ಬೇನೆ ಹೊಸದಲ್ಲ. ನಮ್ಮ ಆಯುರ್ವೇದ ಗ್ರಂಥಗಳು ಇದನ್ನು ‘ಅರ್ಧಾವಭೇದಕ’ ಎಂದು ಕರೆದಿವೆ. ಗ್ರೀಕರು ‘ಹೆಮಿಕ್ರೇನಿಯಾ’ ಎಂದರು. ಅದೇ ಪದ ಸವೆದು ಮೈಗ್ರೇನ್ ಆಯಿತು. ಮೂರು ಹೆಸರುಗಳ ಅರ್ಥವೂ ಒಂದೇ, ಅರ್ಧ ತಲೆಯ ನೋವು.

ಆದರೆ ತಲೆಯ ಒಂದು ಪಕ್ಕ ನೋಯುವುದಷ್ಟೇ ಇದರ ಗುರುತಲ್ಲ. ಅಂತರರಾಷ್ಟ್ರೀಯ ತಲೆನೋವು ಸಂಘವು 1988ರಲ್ಲಿ ಮೊದಲ ಬಾರಿಗೆ ಎಲ್ಲ ದೇಶಗಳಿಗೂ ಒಪ್ಪಿಗೆಯಾಗುವಂಥ ಲಕ್ಷಣಗಳ ಪಟ್ಟಿಯನ್ನು ಕೊಟ್ಟಿತು. ಸರಳವಾಗಿ ಹೇಳುವುದಾದರೆ ಅದು ಹೀಗಿದೆ: ಇಂಥ ನೋವು ಕನಿಷ್ಠ ಐದು ಸಲ ಬಂದಿರಬೇಕು. ಔಷಧಿ ಮಾಡದಿದ್ದರೆ ನಾಲ್ಕು ಗಂಟೆಯಿಂದ ಮೂರು ದಿನದವರೆಗೆ ಇರಬೇಕು. ಒಂದು ಪಕ್ಕ ನೋಯುವುದು, ನಾಡಿ ಮಿಡಿದಂತೆ ಕುಟ್ಟುವುದು, ಕೆಲಸಕ್ಕೆ ಅಡ್ಡಿಯಾಗುವಷ್ಟು ಜೋರಾಗಿರುವುದು, ನಡೆದರೆ ಅಥವಾ ಮೆಟ್ಟಿಲು ಹತ್ತಿದರೆ ಹೆಚ್ಚಾಗುವುದು ಎಂಬ ನಾಲ್ಕರಲ್ಲಿ ಎರಡಾದರೂ ಇರಬೇಕು. ಇದರ ಜೊತೆಗೆ ಹೊಟ್ಟೆ ತೊಳಸು ಅಥವಾ ವಾಂತಿ ಇರಬೇಕು. ಇಲ್ಲವೇ ಬೆಳಕು ಮತ್ತು ಸದ್ದು ಎರಡನ್ನೂ ಸಹಿಸಲಾಗದಂತಿರಬೇಕು. ಕೆಲವರಿಗೆ ನೋವು ಬರುವ ಮೊದಲು ಕಣ್ಣಿನ ಮುಂದೆ ಮಿಂಚಿನ ಅಂಕುಡೊಂಕು ಗೆರೆಗಳು ಕಾಣಿಸಿಕೊಳ್ಳುತ್ತವೆ.

ದಿನವೆಲ್ಲ ದುಡಿದು ಸಂಜೆ ತಲೆಗೆ ಪಟ್ಟಿ ಬಿಗಿದಂತೆ ಎರಡೂ ಪಕ್ಕ ಹಿಡಿಯುವ ನೋವು ಇದಲ್ಲ. ಅದು ಬಿಗಿತದ ತಲೆನೋವು; ಒಟ್ಟಾರೆ ಇನ್ನೂ ಹೆಚ್ಚು ಜನರಿಗೆ ಬರುವಂಥದು. “ತಲೆನೋವು ಯಾರಿಗಿಲ್ಲ?” ಎಂದು ನಮ್ಮ ಮೇಸ್ತ್ರಿ ಕೇಳಿದ್ದು ಆ ನೋವನ್ನು ಮನಸ್ಸಿನಲ್ಲಿಟ್ಟುಕೊಂಡು.

ಲೆಕ್ಕ ತಪ್ಪಿದ್ದು ಎಲ್ಲಿ?

ಬಹುಕಾಲದವರೆಗೆ ವೈದ್ಯರಲ್ಲೇ ಒಂದು ನಂಬಿಕೆ ಬೇರೂರಿತ್ತು. ಅರೆತಲೆನೋವು ಓದಿದವರ, ಬುದ್ಧಿವಂತರ, ಅನುಕೂಲಸ್ಥರ ಬೇನೆ ಎಂದು. ತಮ್ಮ ಬಳಿಗೆ ಬರುತ್ತಿದ್ದ ರೋಗಿಗಳನ್ನು ನೋಡಿ ಅವರು ಹಾಗೆಂದುಕೊಂಡಿದ್ದರು. ವಾಟರ್ಸ್ ಎಂಬ ಸಂಶೋಧಕರು ಬ್ರಿಟನ್ನಿನ ದಕ್ಷಿಣ ವೇಲ್ಸ್ ಪ್ರಾಂತದಲ್ಲಿ, ಆಸ್ಪತ್ರೆಯಲ್ಲಿ ಕೂಡದೆ ಊರಿನ ಸಾಮಾನ್ಯ ಜನರನ್ನೇ ವಿಚಾರಿಸಿ, 1971ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಬೇನೆಯು ಮೇಲ್ವರ್ಗದವರಲ್ಲಿ ಹೆಚ್ಚೇನೂ ಇರಲಿಲ್ಲ, ಬುದ್ಧಿವಂತರಲ್ಲೂ ಹೆಚ್ಚಿರಲಿಲ್ಲ. ಆದರೆ ಬೇನೆ ಇದ್ದವರಲ್ಲಿ ವೈದ್ಯರ ಬಳಿಗೆ ಹೋದವರು ಮಾತ್ರ ಹೆಚ್ಚಾಗಿ ಅನುಕೂಲಸ್ಥರು.

ನಮಗೆ ಬೆಳೆಗಾರರಿಗೆ ಇದು ಸುಲಭವಾಗಿ ಅರ್ಥವಾಗುವ ವಿಷಯ. ಸಂಘದ ಡಿಪೋಗೆ ಬಂದ ಅಡಿಕೆಯನ್ನು ಮಾತ್ರ ತೂಗಿ ತಾಲ್ಲೂಕಿನ ಫಸಲು ಇಷ್ಟೇ ಎಂದರೆ ಆ ಲೆಕ್ಕ ಸರಿಯಾದೀತೇ? ಅಟ್ಟದ ಮೇಲಿರುವ ಅಡಿಕೆ ಲೆಕ್ಕಕ್ಕೆ ಬರಬೇಕಾದರೆ ಮನೆಮನೆಗೆ ಹೋಗಿ ಕೇಳಬೇಕು. ಬೇನೆಯ ಲೆಕ್ಕವೂ ಹಾಗೆಯೇ.

1988ರ ಪಟ್ಟಿ ಬಂದ ಮೇಲೆ ಈ ಕೆಲಸ ಕ್ರಮವಾಗಿ ಆರಂಭವಾಯಿತು. ಡೆನ್ಮಾರ್ಕಿನ ಕೋಪನ್‌ಹೇಗನ್ ಪ್ರಾಂತದಲ್ಲಿ 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೀವಮಾನದಲ್ಲಿ ಎಂದಾದರೂ ಅರೆತಲೆನೋವು ಬಂದಿದ್ದವರು ಶೇಕಡಾ 16 ಎಂದು ಕಂಡುಬಂತು. ಗಂಡಸರಲ್ಲಿ ಶೇಕಡಾ 8, ಹೆಂಗಸರಲ್ಲಿ ಶೇಕಡಾ 25. ಅಮೆರಿಕದಲ್ಲಿ 1989ರಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ ಹಿಂದಿನ ಒಂದು ವರ್ಷದಲ್ಲಿ ಬೇನೆ ಬಂದಿದ್ದವರು ಹೆಂಗಸರಲ್ಲಿ ಶೇಕಡಾ 17.6, ಗಂಡಸರಲ್ಲಿ ಶೇಕಡಾ 5.7. ಅಲ್ಲಿಯೂ ಬಡವರ ವಿಷಯದಲ್ಲಿ ಹಳೆಯ ನಂಬಿಕೆ ತಲೆಕೆಳಗಾಯಿತು. ಅತಿ ಕಡಿಮೆ ವರಮಾನದ ಕುಟುಂಬಗಳಲ್ಲಿ ಈ ಬೇನೆ ಮೇಲಿನ ವರಮಾನದವರಿಗಿಂತ ಶೇಕಡಾ 60ಕ್ಕೂ ಮಿಕ್ಕಿ ಹೆಚ್ಚಾಗಿತ್ತು. ಹತ್ತು ವರ್ಷಗಳ ಮೇಲೆ, 1999ರಲ್ಲಿ, ಅದೇ ರೀತಿ ಮತ್ತೊಮ್ಮೆ ಕೇಳಿದಾಗ ಹೆಂಗಸರಲ್ಲಿ ಶೇಕಡಾ 18.2, ಗಂಡಸರಲ್ಲಿ ಶೇಕಡಾ 6.5 ಬಂತು. ಒಂದೇ ಅಳತೆಯಿಂದ ಅಳೆದರೆ ಲೆಕ್ಕ ಹೆಚ್ಚು ಕದಲುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಏಷ್ಯಾದವರಿಗೆ ಕಡಿಮೆಯೇ?

ಹಾಗಾದರೆ ಬೇರೆ ಬೇರೆ ಜನಾಂಗಗಳಲ್ಲಿ ವ್ಯತ್ಯಾಸವೇ ಇಲ್ಲವೇ? ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಕೌಂಟಿಯಲ್ಲಿ 12,328 ಮಂದಿಯನ್ನು ಟೆಲಿಫೋನಿನಲ್ಲಿ ವಿಚಾರಿಸಿ 1996ರಲ್ಲಿ ಒಂದು ವರದಿ ಪ್ರಕಟವಾಯಿತು. ಒಂದೇ ಊರು, ಒಂದೇ ಪ್ರಶ್ನೆಗಳು. ಹೆಂಗಸರ ಪೈಕಿ ಬಿಳಿಯರಲ್ಲಿ ಶೇಕಡಾ 20.4, ಆಫ್ರಿಕಾ ಮೂಲದವರಲ್ಲಿ ಶೇಕಡಾ 16.2, ಏಷ್ಯಾ ಮೂಲದವರಲ್ಲಿ ಶೇಕಡಾ 9.2. ಗಂಡಸರಲ್ಲಿ ಇದೇ ಕ್ರಮದಲ್ಲಿ ಶೇಕಡಾ 8.6, 7.2 ಮತ್ತು 4.2. ಜಪಾನಿನಲ್ಲಿ 1997ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆಯಲ್ಲೂ ಶೇಕಡಾ 8.4 ಮಾತ್ರ ಬಂತು. ಇವನ್ನೆಲ್ಲ ಕೂಡಿಸಿ, ಬಿಳಿಯರಿಗೆ ಹೆಚ್ಚು, ಆಫ್ರಿಕಾದವರಿಗೆ ಅದಕ್ಕಿಂತ ಕಡಿಮೆ, ಏಷ್ಯಾದವರಿಗೆ ಎಲ್ಲರಿಗಿಂತ ಕಡಿಮೆ ಎಂಬ ತೀರ್ಮಾನ ಪುಸ್ತಕಗಳಲ್ಲಿ ನೆಲೆನಿಂತಿತು.

ಒಂದೇ ಊರಿನಲ್ಲಿ ಒಂದೇ ರೀತಿ ಕೇಳಿದಾಗಲೂ ಕಂಡ ವ್ಯತ್ಯಾಸವನ್ನು ಸುಳ್ಳೆಂದು ತಳ್ಳುವಂತಿಲ್ಲ. ರಕ್ತಸಂಬಂಧಕ್ಕೆ ಇದರಲ್ಲಿ ಪಾತ್ರವಿದೆ. 2022ರಲ್ಲಿ ಪ್ರಕಟವಾದ, 1,02,084 ರೋಗಿಗಳನ್ನು ಒಳಗೊಂಡ ಅಧ್ಯಯನವೊಂದು ಮನುಷ್ಯನ ವಂಶವಾಹಿಗಳಲ್ಲಿ ಈ ಬೇನೆಗೆ ಸಂಬಂಧಿಸಿದ 123 ತಾಣಗಳನ್ನು ಗುರುತಿಸಿದೆ. ಚಳಿಯ ಅರಿವನ್ನು ಉಂಟುಮಾಡುವ ಒಂದು ವಂಶವಾಹಿಯ ಕಥೆಯಂತೂ ಸ್ವಾರಸ್ಯಕರ. ಅರೆತಲೆನೋವಿನೊಂದಿಗೆ ನಂಟಿರುವ ಅದರ ಒಂದು ರೂಪ ನೈಜೀರಿಯಾದವರಲ್ಲಿ ಶೇಕಡಾ 5ರಷ್ಟಿದ್ದರೆ, ಉತ್ತರದ ಚಳಿದೇಶವಾದ ಫಿನ್‌ಲೆಂಡಿನವರಲ್ಲಿ ಶೇಕಡಾ 88ರಷ್ಟಿದೆಯೆಂದು 2018ರಲ್ಲಿ ವರದಿಯಾಯಿತು. ಚಳಿಗೆ ಒಗ್ಗಿಕೊಂಡ ಜನ ಅದರ ಜೊತೆಗೆ ತಲೆನೋವನ್ನೂ ಪಡೆದಿರಬಹುದು ಎಂಬುದು ಆ ಸಂಶೋಧಕರ ಊಹೆ.

ಆದರೆ ವಂಶವೊಂದೇ ಕಾರಣವಾಗಿದ್ದರೆ ಬಿಸಿಲು ದೇಶಗಳಲ್ಲಿ ಬೇನೆ ಅಪರೂಪವಾಗಿರಬೇಕಿತ್ತು. ಹಾಗಿದೆಯೇ ಎಂಬುದಕ್ಕೆ ಆ ದೇಶಗಳಿಗೇ ಹೋಗಿ ನೋಡಬೇಕು. ಮೊದಲು ಚೀನಾವನ್ನು ತೆಗೆದುಕೊಳ್ಳೋಣ. ಅಲ್ಲಿ 1980ರ ದಶಕದಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಗಳಲ್ಲಿ ಅರೆತಲೆನೋವು ಸಿಕ್ಕಿದ್ದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಜನರಲ್ಲಿ. ಹೊಸ ಲಕ್ಷಣಪಟ್ಟಿಯನ್ನಿಟ್ಟುಕೊಂಡು ತರಬೇತಾದವರು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅದು ಶೇಕಡಾ 9.3. ಒಂದೇ ತಲೆಮಾರಿನಲ್ಲಿ ಒಂದು ಜನಾಂಗದ ರಕ್ತ ಬದಲಾಗುವುದಿಲ್ಲ. ಬದಲಾದದ್ದು ಹೆಚ್ಚಾಗಿ ಕೇಳಿದ ರೀತಿ.

ಕಾಫಿಯ ತವರಿನಲ್ಲಿ

ನಮ್ಮ ಬೆಳೆಯ ತವರಾದ ಇಥಿಯೋಪಿಯದ ಕಥೆ ಇನ್ನೂ ಸ್ಪಷ್ಟ. ಅಲ್ಲಿನ ಹಳ್ಳಿಗಾಡಿನಲ್ಲಿ ನಡೆದು 1995ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಅರೆತಲೆನೋವಿನ ಪ್ರಮಾಣ ಶೇಕಡಾ 3. ಆಫ್ರಿಕಾದವರಿಗೆ ಈ ಬೇನೆ ಕಡಿಮೆ ಎನ್ನಲು ಇದನ್ನು ಆಧಾರವಾಗಿ ತೋರಿಸುತ್ತಿದ್ದರು. ಅದೇ ದೇಶದಲ್ಲಿ ಪಟ್ಟಣ ಮತ್ತು ಹಳ್ಳಿ ಎರಡರಲ್ಲೂ ನಡೆಸಿದ ಸಮೀಕ್ಷೆ 2016ರಲ್ಲಿ ಪ್ರಕಟವಾದಾಗ ಅದು ಶೇಕಡಾ 17.7ಕ್ಕೆ ಏರಿತ್ತು. ಅದರ ದಕ್ಷಿಣಕ್ಕಿರುವ ಜಾಂಬಿಯ ದೇಶದಲ್ಲಿ 2015ರ ವರದಿಯಂತೆ ಶೇಕಡಾ 22.9. ಹೆಚ್ಚು ಕಾಫಿ ಬೆಳೆಯುವ ಬ್ರೆಜಿಲ್ಲಿನಲ್ಲಿ 2009ರ ರಾಷ್ಟ್ರೀಯ ಸಮೀಕ್ಷೆಯಂತೆ ಶೇಕಡಾ 15.2.

ನೆರೆಯ ನೇಪಾಳದ ಅಂಕಿ ಓದಿದಾಗ ನಾವು ಬೆರಗಾದೆವು. ಅಲ್ಲಿ ಶೇಕಡಾ 34.1, ಅಂದರೆ ವಯಸ್ಕರಲ್ಲಿ ಮೂವರಿಗೆ ಒಬ್ಬರು. ಅಲ್ಲಿನ ಸಂಶೋಧಕರು ಊರುಗಳ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಸಮುದ್ರಮಟ್ಟದಿಂದ 500 ಮೀಟರಿನೊಳಗಿನ ತರಾಯಿ ಪ್ರದೇಶದಲ್ಲಿ ಶೇಕಡಾ 27.9 ಇದ್ದದ್ದು 2,000ದಿಂದ 2,499 ಮೀಟರ್ ಎತ್ತರದಲ್ಲಿ ಶೇಕಡಾ 45.5 ಆಗಿ, ಅದಕ್ಕೂ ಮೇಲೆ ಹೋದಂತೆ ಶೇಕಡಾ 37.9ಕ್ಕೆ ಇಳಿದಿತ್ತು. ನಮ್ಮ ತೋಟಗಳು ಹಿಮಾಲಯದಷ್ಟು ಎತ್ತರದಲ್ಲಿಲ್ಲವಾದ್ದರಿಂದ ಈ ಅಂಕಿಗಳನ್ನು ಇಲ್ಲಿಗೆ ತಂದು ಅನ್ವಯಿಸುವುದು ತರವಲ್ಲ. ಆದರೂ ನೆಲ, ಹವೆ, ಬದುಕುವ ರೀತಿ ಇವೆಲ್ಲಕ್ಕೂ ಬೇನೆಯಲ್ಲಿ ಪಾಲಿದೆ ಎಂಬುದನ್ನು ಇದು ತೋರಿಸುತ್ತದೆ.

ಎಲ್ಲ ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಲೆಕ್ಕದಂತೆ ಪ್ರಪಂಚದ ಜನರಲ್ಲಿ ಶೇಕಡಾ 14ರಷ್ಟು ಮಂದಿಗೆ ಅರೆತಲೆನೋವಿದೆ. ಹೆಂಗಸರಲ್ಲಿ ಶೇಕಡಾ 17, ಗಂಡಸರಲ್ಲಿ ಶೇಕಡಾ 8.6. 2019ರ ಅಂದಾಜಿನಲ್ಲಿ ತಲೆಗಳನ್ನು ಎಣಿಸಿದರೆ ಸುಮಾರು 110 ಕೋಟಿ. ಪ್ರಾಣ ತೆಗೆಯದಿದ್ದರೂ ಕೆಲಸ ಕೆಡಿಸುವ ಕಾಯಿಲೆಗಳ ಪಟ್ಟಿಯಲ್ಲಿ ಸೊಂಟನೋವು ಮೊದಲನೆಯದಾದರೆ ಅರೆತಲೆನೋವು ಎರಡನೆಯದು. ಹರೆಯದ ಹೆಂಗಸರಲ್ಲಿ ಅದೇ ಮೊದಲನೆಯದು.

ನಮ್ಮ ಕರ್ನಾಟಕದ ಲೆಕ್ಕ

ಇನ್ನು ನಮ್ಮ ನಾಡಿಗೆ ಬರೋಣ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ನಗರ ಮತ್ತು ಸುತ್ತಲಿನ ಹಳ್ಳಿಗಳ 1,02,557 ಮಂದಿಯನ್ನು ಒಳಗೊಂಡ, ನರರೋಗಗಳ ಒಂದು ದೊಡ್ಡ ಸಮೀಕ್ಷೆಯನ್ನು ನಡೆಸಿ 2004ರಲ್ಲಿ ಪ್ರಕಟಿಸಿದರು. ಮೂರ್ಛೆರೋಗ, ಪಾರ್ಶ್ವವಾಯು ಮೊದಲಾದ ಎಲ್ಲವನ್ನೂ ಅದರಲ್ಲಿ ಹುಡುಕಿದ್ದರು. ಅದರಲ್ಲಿ ತಲೆನೋವೆಂದು ದಾಖಲಾದದ್ದು ಲಕ್ಷಕ್ಕೆ 1,119, ಅಂದರೆ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಹಲವು ರೋಗಗಳನ್ನು ಒಟ್ಟಿಗೆ ವಿಚಾರಿಸುವಾಗ ತಲೆನೋವನ್ನು ಮನೆಯವರು ರೋಗವೆಂದು ಹೇಳುವುದಾದರೂ ಹೇಗೆ? “ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯೇ?” ಎಂದು ಯಾರಾದರೂ ನಮ್ಮ ತಂದೆಯವರನ್ನು ಕೇಳಿದ್ದರೆ, ಒಳಕೋಣೆಯಲ್ಲಿ ತಾಯಿಯವರು ಮಲಗಿದ್ದಾಗಲೂ ಅವರು ಇಲ್ಲವೆಂದೇ ಹೇಳುತ್ತಿದ್ದರು.

ಮುಂದೆ ಅದೇ ಸಂಸ್ಥೆಯವರು ಹೊರದೇಶದ ತಜ್ಞರೊಡಗೂಡಿ ತಲೆನೋವಿಗೆಂದೇ ಪ್ರಶ್ನಾವಳಿ ಸಿದ್ಧಪಡಿಸಿಕೊಂಡು ಮತ್ತೆ ಮನೆಮನೆಗೆ ಹೋದರು. ಬೆಂಗಳೂರು ನಗರ ಮತ್ತು ಸುತ್ತಣ ಹಳ್ಳಿಗಳಲ್ಲಿ 18ರಿಂದ 65 ವಯಸ್ಸಿನ 2,329 ಮಂದಿಯನ್ನು, ಮಧ್ಯೆ ಮನೆಯ ಯಜಮಾನನನ್ನು ಇಟ್ಟುಕೊಳ್ಳದೆ ನೇರವಾಗಿ ಮಾತನಾಡಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಂದಿನ ಒಂದು ವರ್ಷದಲ್ಲಿ ಯಾವುದಾದರೂ ತಲೆನೋವು ಬಂದಿದ್ದವರು ಶೇಕಡಾ 63.9. ಅರೆತಲೆನೋವಿನವರೇ ಶೇಕಡಾ 25.2.

ನಾಲ್ವರಲ್ಲಿ ಒಬ್ಬರು! ಕೋಪನ್‌ಹೇಗನ್ನಿಗಿಂತ, ಅಮೆರಿಕಕ್ಕಿಂತ, ಪ್ರಪಂಚದ ಸರಾಸರಿಗಿಂತ ನಮ್ಮ ಲೆಕ್ಕ ಬಹಳ ಮೇಲಿದೆ. ಏಷ್ಯಾದವರಿಗೆ ಕಡಿಮೆ ಎಂಬ ಮಾತು ನಮ್ಮ ನೆಲದಲ್ಲಿ ನಿಲ್ಲುವುದಿಲ್ಲ.

ಅದೇ ವರದಿಯಲ್ಲಿ ಇನ್ನೆರಡು ಸಂಗತಿಗಳಿವೆ. ಹೆಂಗಸರಿಗೆ ಬೇನೆಯ ಸಂಭವ ಗಂಡಸರಿಗಿಂತ ಸುಮಾರು ಎರಡು ಪಟ್ಟು. ಹಳ್ಳಿಯವರಿಗೆ ಪಟ್ಟಣದವರಿಗಿಂತ ಸುಮಾರು ಒಂದೂವರೆ ಪಟ್ಟು. ಪಟ್ಟಣದ ಗದ್ದಲ, ಹೊಗೆ, ಚಿಂತೆಗಳಿಂದ ತಲೆನೋವು, ಹಳ್ಳಿಯ ಗಾಳಿಯಲ್ಲಿ ನೆಮ್ಮದಿ ಎಂದು ನಾವು ಭಾಷಣಗಳಲ್ಲಿ ಹೇಳುತ್ತಾ ಬಂದದ್ದಕ್ಕೆ ಇದು ವಿರುದ್ಧ. ಈ ಎರಡು ಸಂಗತಿಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಹೆಚ್ಚಿನ ಹೊರೆ ಬಿದ್ದಿರುವುದು ಹಳ್ಳಿಯ ಹೆಂಗಸಿನ ಮೇಲೆ. ನಮ್ಮ ತೋಟಗಳಲ್ಲಿ ಹಣ್ಣು ಬಿಡಿಸುವವರು, ಅಂಗಳದಲ್ಲಿ ಕೂತು ಅಡಿಕೆ ಸುಲಿಯುವವರು, ಅವರಿಗೆಲ್ಲ ಕಾಫಿ ತಿಂಡಿ ಒದಗಿಸುತ್ತಾ ಒಲೆಯ ಮುಂದೆ ನಿಂತಿರುವ ನಮ್ಮ ಮನೆಯವರು ಎಲ್ಲರೂ ಈ ಗುಂಪಿಗೆ ಸೇರಿದವರು.

ಹೆಂಗಸರಿಗೇಕೆ ಹೆಚ್ಚು ಎಂಬುದಕ್ಕೆ ವೈದ್ಯಶಾಸ್ತ್ರ ಉತ್ತರ ಕೊಡುತ್ತದೆ. ಚಿಕ್ಕ ಮಕ್ಕಳಲ್ಲಿ ಗಂಡು ಹೆಣ್ಣೆಂಬ ಭೇದ ಹೆಚ್ಚೇನೂ ಇಲ್ಲ. ಮೈನೆರೆದ ಮೇಲೆ ಹೆಣ್ಣುಮಕ್ಕಳಲ್ಲಿ ಬೇನೆ ಏರುತ್ತದೆ, ನಡುವಯಸ್ಸಿನಲ್ಲಿ ತುದಿ ಮುಟ್ಟುತ್ತದೆ, ಮುಟ್ಟು ನಿಂತ ಮೇಲೆ ಬಹಳ ಮಂದಿಗೆ ಇಳಿಯುತ್ತದೆ. ಈಸ್ಟ್ರೋಜನ್ ಎಂಬ ಸ್ತ್ರೀರಸ ತಿಂಗಳಿಗೊಮ್ಮೆ ತಟ್ಟನೆ ಇಳಿಯುವುದೇ ಅನೇಕರಿಗೆ ನೋವಿನ ಕರೆಯಾಗುತ್ತದೆ. ನಮ್ಮ ಹಾಜರಿ ಪುಸ್ತಕದಲ್ಲಿ ತಿಂಗಳು ತಿಂಗಳೂ ಬಿದ್ದಿದ್ದ ‘ಗೈರು’ಗಳ ಕ್ರಮವನ್ನು ಇದನ್ನು ಓದಿದ ಮೇಲೆ ಮತ್ತೊಮ್ಮೆ ತಿರುವಿ ನೋಡಿದೆವು.

ಇದಲ್ಲದೆ ಹಸಿದಿರುವುದು, ನಿದ್ದೆಗೆಡುವುದು, ಸುಡುಬಿಸಿಲು, ಘಾಟು ವಾಸನೆ ಇವೂ ನೋವನ್ನು ಎಬ್ಬಿಸುತ್ತವೆ. ನಮ್ಮ ದೇಶದ ಒಬ್ಬ ವೈದ್ಯರು ತಲೆಸ್ನಾನ ಮಾಡಿದರೆ ನೋವು ಬರುತ್ತಿದ್ದ 94 ರೋಗಿಗಳ ಬಗ್ಗೆ 2006ರಲ್ಲಿ ಬರೆದಿದ್ದಾರೆ. “ತಲೆಗೆ ನೀರು ಹಾಕಿಕೊಂಡರೆ ಆಗುವುದಿಲ್ಲ” ಎಂದು ನಮ್ಮ ಹೆಂಗಸರು ಹೇಳುತ್ತಾ ಬಂದದ್ದು ಮೂಢನಂಬಿಕೆಯಲ್ಲ.

ನಮ್ಮ ಬೆಳೆಯ ಪಾತ್ರ

ಕಾಫಿ ತಲೆನೋವಿಗೆ ಔಷಧವೇ, ಕಾರಣವೇ ಎಂದು ಸದಸ್ಯರು ಕೇಳುವುದು ಸಹಜ. ಎರಡೂ ಹೌದು. ನೋವಿನ ಮಾತ್ರೆಯ ಜೊತೆಗೆ ಕೆಫೀನ್ ಸೇರಿದರೆ ಮಾತ್ರೆಯ ಗುಣ ಸ್ವಲ್ಪ ಹೆಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ಕೆಲವು ಮಾತ್ರೆಗಳಲ್ಲಿ ಅದನ್ನು ಬೆರೆಸಿಯೇ ಇರುತ್ತಾರೆ. ಆದರೆ ದಿನವೂ ಹೆಚ್ಚು ಕಾಫಿ ಕುಡಿದು ಅಭ್ಯಾಸವಾದವರು ಒಂದು ದಿನ ತಪ್ಪಿಸಿದರೆ, ಒಂದು ದಿನದೊಳಗಾಗಿಯೇ ತಲೆನೋವು ಶುರುವಾಗಿ ಎರಡರಿಂದ ಒಂಬತ್ತು ದಿನಗಳವರೆಗೂ ಇರಬಹುದು. ಏಕಾದಶಿಯ ಉಪವಾಸದ ಸಂಜೆ ತಲೆ ಸಿಡಿಯುವುದು ದೇವರ ಪರೀಕ್ಷೆಯಲ್ಲ, ಬೆಳಗಿನ ಕಾಫಿ ತಪ್ಪಿದ್ದರ ಫಲವೂ ಇರಬಹುದು. ಅರೆತಲೆನೋವಿರುವ 98 ಮಂದಿಯನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ದಿನಕ್ಕೆ ಒಂದೆರಡು ಲೋಟದಿಂದ ಆ ದಿನ ನೋವು ಹೆಚ್ಚಿದ್ದು ಕಾಣಲಿಲ್ಲ. ಮೂರು ಅಥವಾ ಅದಕ್ಕಿಂತ ಹೆಚ್ಚು ಕುಡಿದ ದಿನಗಳಲ್ಲಿ ಕಂಡಿತು. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇದೆ, ಚಿಕೋರಿಯಲ್ಲಿ ಇಲ್ಲವೇ ಇಲ್ಲ ಎಂಬುದು ಬೆಳೆಗಾರರಿಗೆ ಗೊತ್ತಿರುವ ವಿಷಯವೇ. ಕಾಫಿ ಬಿಡಬೇಕೆಂದು ನಾವು ಹೇಳುತ್ತಿಲ್ಲ, ಹೇಳಿದರೆ ನೀವು ಕೇಳುವುದೂ ಇಲ್ಲ! ಬೇನೆ ಇರುವವರು ದಿನವೂ ಒಂದೇ ಅಳತೆ, ಒಂದೇ ಹೊತ್ತು ಇಟ್ಟುಕೊಂಡರೆ ಒಳ್ಳೆಯದು.

ಕಾಫಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಮಾತ್ರೆಗಳ ವಿಷಯದಲ್ಲಿ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಹಲವು ಔಷಧಿ ಬೆರೆಸಿದ ಮಾತ್ರೆಯನ್ನು 10 ದಿನ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವನ್ನು ತರುತ್ತದೆ. ಕಿರಾಣಿ ಅಂಗಡಿಯಿಂದ ಮಾತ್ರೆ ತಂದು ಡಬ್ಬಿಯಲ್ಲಿಟ್ಟುಕೊಳ್ಳುವ ನಮ್ಮೂರಿನ ಪದ್ಧತಿಯಲ್ಲಿ ಇದು ಗೊತ್ತಾಗದೆಯೇ ನಡೆದುಹೋಗುತ್ತದೆ. ತಿಂಗಳಿಗೆ ಹಲವು ಬಾರಿ ನೋವು ಬರುವವರಿಗೆ ಅದನ್ನು ಬಾರದಂತೆ ತಡೆಯುವ ಔಷಧಿಗಳಿವೆ. ಪ್ರೊಪ್ರನೊಲಾಲ್ ಎಂಬ ಹಳೆಯ, ಅಗ್ಗದ ಮಾತ್ರೆಯು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಈ ಕಾರಣಕ್ಕಾಗಿಯೇ ಇದೆ. ಆದರೆ ಉಬ್ಬಸ ಇರುವವರಿಗೆ ಅದು ಸಲ್ಲದು. ಆದ್ದರಿಂದ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಹಿಂದೆಂದೂ ಇಲ್ಲದ ನೋವು ಸಿಡಿಲು ಬಡಿದಂತೆ ಬಂದರೆ, ಜ್ವರದೊಂದಿಗೆ ಕುತ್ತಿಗೆ ಸೆಟೆದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ತಲೆಗೆ ಪೆಟ್ಟು ಬಿದ್ದ ನಂತರ ನೋವು ಬಂದರೆ, 50 ವಯಸ್ಸು ದಾಟಿದ ಮೇಲೆ ಹೊಸದಾಗಿ ಶುರುವಾದರೆ ಅದನ್ನು ಅರೆತಲೆನೋವೆಂದು ಮನೆಯಲ್ಲಿಟ್ಟುಕೊಳ್ಳದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕೇಳುವ ಕೆಲಸ

ಇಥಿಯೋಪಿಯದಲ್ಲಿ 3 ಇದ್ದದ್ದು 17.7 ಆದದ್ದು, ಚೀನಾದಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ಇದ್ದದ್ದು 9.3 ಆದದ್ದು, ನಮ್ಮ ಬೆಂಗಳೂರಿನ ಆಸುಪಾಸಿನಲ್ಲೇ ಒಂದರಷ್ಟಿದ್ದದ್ದು 25.2 ಆದದ್ದು, ಇವೆಲ್ಲವೂ ಒಂದೇ ಪಾಠ ಹೇಳುತ್ತವೆ. ಕೇಳುವವರು ಸರಿಯಾಗಿ ಕೇಳಿದ ಕಡೆ ಬೇನೆ ಕಾಣಿಸಿಕೊಂಡಿತು. ಜಪಾನಿನಂಥ ಮುಂದುವರಿದ ದೇಶದಲ್ಲೂ ಈ ಬೇನೆಯವರಲ್ಲಿ ನೂರಕ್ಕೆ 69 ಮಂದಿ ಒಮ್ಮೆಯೂ ವೈದ್ಯರನ್ನು ಕಂಡಿರಲಿಲ್ಲ ಎಂದು 1997ರ ವರದಿ ಹೇಳಿತ್ತು. ಹಾಗಿರುವಾಗ ನಮ್ಮ ಲೈನುಮನೆಗಳ ಹೆಂಗಸರು ತಾವಾಗಿ ಬಂದು ಹೇಳಿಕೊಳ್ಳುತ್ತಾರೆಂದು ಕಾಯುತ್ತಾ ಕೂರುವುದರಲ್ಲಿ ಅರ್ಥವಿಲ್ಲ.

ಕಳೆದ ಹಂಗಾಮಿನಲ್ಲಿ ನಾವು ನಮ್ಮ ತೋಟದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದೆವು. ಗೈರಾದವರನ್ನು ‘ಏಕೆ ಬರಲಿಲ್ಲ?’ ಎಂದು ಗದರುವ ಬದಲು ಮೇಲೆ ಹೇಳಿದ ಲಕ್ಷಣಗಳನ್ನು ಒಂದೊಂದಾಗಿ ಕೇಳುವಂತೆ ಮೇಸ್ತ್ರಿಗೆ ಹೇಳಿಕೊಟ್ಟೆವು. ಮನೆಯಲ್ಲಿ ನಮ್ಮ ಮನೆಯವರೂ ಅಡಿಕೆ ಸುಲಿಯುವ ಹೆಂಗಸರನ್ನು ಮಾತನಾಡಿಸಿದರು. ಇದು ಸಮೀಕ್ಷೆಯಲ್ಲ, ಅಂಕಿ ಬರೆದಿಡಲಿಲ್ಲ. ಆದರೆ ಹೌದೆಂದವರು ನಾವು ಎಣಿಸಿದ್ದಕ್ಕಿಂತ ಹೆಚ್ಚು ಮಂದಿ. ಅವರಲ್ಲಿ ಒಬ್ಬ ಕೊನೆಗಾರನೂ ಇದ್ದ; ಕಣ್ಣ ಮುಂದೆ ಮಿಂಚು ಬರುತ್ತಿದ್ದರೂ ದುಡಿಮೆ ತಪ್ಪೀತೆಂದು ಯಾರಿಗೂ ಹೇಳದೆ ಮರ ಹತ್ತುತ್ತಿದ್ದನಂತೆ. ಅದನ್ನು ಕೇಳಿ ನಮ್ಮ ಎದೆ ಝಲ್ಲೆಂದಿತು. ಈಗ ಅಂಥ ದಿನ ಅವನಿಗೆ ಮರ ಹತ್ತುವ ಕೆಲಸವಿಲ್ಲ, ಕೂಲಿ ಮಾತ್ರ ಉಂಟು.

ಆ ಹೆಣ್ಣಾಳಿಗೆ ವೈದ್ಯರು ಕೊಟ್ಟ ಮಾತ್ರೆಯಿಂದ ನೋವು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಹಿಂದಿನ ವರ್ಷ ತಡೆಹಿಡಿದಿದ್ದ ಇನಾಮನ್ನು ಕೊಡಲು ಹೋದಾಗ ಆಕೆ, “ಈಗ ಯಾಕೆ ಅಯ್ಯಾ?” ಎಂದಳು. “ಲೆಕ್ಕ ತಪ್ಪಿತ್ತು” ಎಂದಷ್ಟೇ ಹೇಳಿದೆವು.

ನಮ್ಮ ಸಂಘದ ಮುಂದಿನ ವಾರ್ಷಿಕ ಸಭೆಯ ದಿನ, ಸಭೆ ಆರಂಭವಾಗುವ ಮೊದಲು, ಒಬ್ಬ ವೈದ್ಯರನ್ನು ಕರೆಸಿ ಗೋದಾಮಿನ ಪಕ್ಕದ ಕೊಠಡಿಯಲ್ಲಿ ಕೂರಿಸಬೇಕೆಂದು ಆಡಳಿತ ಮಂಡಳಿಯ ಮುಂದೆ ಪ್ರಸ್ತಾಪ ಇಟ್ಟಿದ್ದೇವೆ. ಮಂಡಳಿ ಒಪ್ಪಿದರೆ ಸಭೆಯ ನೋಟೀಸಿನಲ್ಲಿಯೇ ಸಮಯ ತಿಳಿಸುತ್ತೇವೆ. ಸದಸ್ಯರು ಎಂದಿನಂತೆ ತಾವೊಬ್ಬರೇ ಬಾರದೆ ಮನೆಯ ಹೆಂಗಸರನ್ನೂ ತೋಟದ ಆಳುಗಳನ್ನೂ ಕರೆತರಬೇಕೆಂದು ವಿನಂತಿ. ಅಲ್ಲಿಯವರೆಗೆ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ, ತೋಟದಲ್ಲಿ ಒಮ್ಮೆ ಕೇಳಿ ನೋಡಿರಿ. ಬಾಗಿಲು ಹಾಕಿಕೊಂಡು ಮಲಗುವವರು ಯಾರು, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತಂದರೆ ವೈದ್ಯರಿಗೂ ಅನುಕೂಲ.